ಏಳಕ್ಕಿಂತ ಕೆಳಗಿನ ನೀರು

...ಇಲ್ಲ ಇಲ್ಲ, ಬೀಗಿತ್ತಿ, ತಪ್ಪು ತಿಳೀಬೇಡಿ. ನಿಮ್ಮ ಮಗಳ ಮೇಲೆ ದೂರು ಹೇಳೋಕೆ ನಾನು ಬಂದಿಲ್ಲ. ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಅತ್ತೆಯಾದವಳು ತಾನೇ ಎದ್ದು, ಈ ಚಳೀಲಿ ವ್ಯಾನ್ ಹಿಡಿದು, ಸೊಸೆಯ ತವರಿನ ಬಾಗಿಲಿಗೆ ಬರ್ತಾಳೆ ಅಂದ್ರೆ... ನಮ್ಮಲ್ಲಿ ಯಾರು ಮಾಡ್ತಾರೆ ಇದನ್ನ, ಹೇಳಿ? ನಮ್ಮತ್ತೆ ಆಗಿದ್ದರೆ ಬಾಗಿಲಿಗೆ ಅಗುಳಿ ಹಾಕ್ಕೊಂಡು ಕೂತಿರೋರು. ನಾನು ಬಂದೆ.

ಸೇಯಿಲ್ ಎಲ್ಲಿ? ಕೊಟ್ಟಿಗೇಲಾ? ಇರಲಿ, ಕರೀಬೇಡಿ. ಹಾಲು ಕರೆದೇ ಬರಲಿ. ಅವಳು ಬರೋದ್ರೊಳಗೆ ಹಿರಿಯರು ನಾವಿಬ್ಬರು ಮಾತಾಡಿ ಮುಗಿಸೋಣ. ನೀವು ಹೊಲಿಗೆ ನಿಲ್ಲಿಸಬೇಡಿ, ನನಗೇನೂ ಬೇಜಾರಿಲ್ಲ. ಕೈಲಿ ಕೆಲಸ ಇರೋ ಹೆಂಗಸರನ್ನ ಕಂಡ್ರೆ ನನಗೆ ಗೌರವ. ಎಷ್ಟು ಚೆನ್ನಾಗಿದೆ ಈ ಉಣ್ಣೆಯ ಹಾಸು. ಈ ಕೊಂಬಿನ ಚಿತ್ತಾರ ಮಾತ್ರ ಎಡಗಡೆಯದು ಬಲಗಡೆಯದಕ್ಕಿಂತ ಒಂದು ಬೆರಳು ದಪ್ಪ... ಯಾಕೆ ನಗ್ತೀರಿ? ನನ್ನ ಸ್ವಭಾವ ಹಾಗೆ. ಕಣ್ಣಿಗೆ ಬಿದ್ದದ್ದನ್ನ ಹೇಳಿಬಿಡ್ತೀನಿ. ಲ್ಯಾಬೊರೇಟರೀಲಿ ನನ್ನ ಬೆನ್ನ ಹಿಂದೆ ನನ್ನನ್ನ ತಕ್ಕಡಿ ಅಂತಾರೆ. ಅನ್ನಲಿ. ಬಿಸಿ ನೀರಿನ ಕೊಳವೆಗಳಲ್ಲಿ ಊರಿಗೆಲ್ಲ ಶಾಖ ಕೊಡೋ ಸ್ಥಾವರದ ನೀರು ನೋಡ್ಕೊಳ್ಳೋಳು ತಕ್ಕಡಿಯ ಹಾಗೇ ಇರಬೇಕು.

ಆ ದಿನ ಆಗಿದ್ದನ್ನ ಅವಳು ನಿಮಗೆ ಹೇಳೇ ಇರ್ತಾಳೆ. ತಾಯಿ ಮುಂದೆ ಹೇಳದೆ ಇನ್ಯಾರ ಮುಂದೆ ಹೇಳ್ತಾಳೆ? ಆದ್ರೆ ಅದು ಒಂದು ಕಡೆಯ ಮಾತು. ಇನ್ನೊಂದು ಕಡೆಯದನ್ನೂ ನೀವು ಕೇಳಬೇಕು, ಅಷ್ಟೇ. ಮುಖ್ಯ ಎಂಜಿನಿಯರ್ ಟೊಲೋನ್ ಸೋಮವಾರ ಮತ್ತೆ ಸಭೆ ಕರೆದಿದ್ದಾರೆ. ಅವಳು ಬರದೇ ಇದ್ದರೆ ಕೆಲಸ ಹೋಯ್ತು ಅಂತ್ಲೇ ಲೆಕ್ಕ, ಬೇರೆ ಯಾವ ಸ್ಥಾವರದಲ್ಲೂ ತಗೊಳ್ಳಲ್ಲ. ಬಂದು, ಎಲ್ಲರ ಮುಂದೆ "ತಪ್ಪಾಯ್ತು" ಅಂತ ಒಂದು ಮಾತು ಅಂದ್ರೆ ಸಾಕು. ನಾನು ಪಕ್ಕದಲ್ಲೇ ಕೂತಿರ್ತೀನಿ. ಚಿಕ್ಕವಳು, ಬಿಟ್ಟುಬಿಡಿ ಅಂತೀನಿ. ಬಿಟ್ಟೇ ಬಿಡ್ತಾರೆ. ನನ್ನ ಮಾತು ಅಲ್ಲಿ ನಡೆಯುತ್ತೆ.

ಏನಾಯ್ತು ಅಂತ ಕೇಳ್ತಿದೀರಾ? ನನ್ನ ಬಾಯಿಂದಲೇ ಕೇಳಬೇಕು ಅಂತ. ಆಗಲಿ, ಅದು ನ್ಯಾಯವೇ.

ಭಾನುವಾರ. ಲ್ಯಾಬೊರೇಟರೀಲಿ ನಾವಿಬ್ಬರೇ, ನಾನೂ ಅವಳೂ. ಹೊರಗೆ ಎಂಥ ಚಳಿ ಅಂದ್ರೆ, ಕಿಟಕಿ ಗಾಜಿನ ಒಳಗಡೇನೂ ಮಂಜು ಕಟ್ಟಿತ್ತು. ಬಾಯ್ಲರ್ ಹಾಲ್‌ಗೆ ಫೋನ್ ಹೋಯ್ತು: ನೀರು ಹುಳಿಯಾಗಿದೆ, ಬಾಯ್ಲರ್ ನಿಲ್ಲಿಸಿ ಅಂತ. ನಿಲ್ಲಿಸಿದರು. ಲ್ಯಾಬೊರೇಟರಿ ಮಾತು ಅಂದ್ರೆ ಅವರು ಎದುರಾಡಲ್ಲ. ಅರ್ಧ ಊರು ರಾತ್ರಿಯೆಲ್ಲ ತಣ್ಣಗೆ ಬಿತ್ತು. ಶಿಶುವಿಹಾರದಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆದವು. ಹೆರಿಗೆ ಆಸ್ಪತ್ರೇಲಿ ಹಸುಗೂಸುಗಳನ್ನೆಲ್ಲ ಒಂದೇ ಕೋಣೆಗೆ ಸೇರಿಸಿ, ಒಂದು ವಿದ್ಯುತ್ ಒಲೆ ಸುತ್ತ ಇಟ್ಟುಕೊಂಡು ಕೂತಿದ್ದರಂತೆ ದಾದಿಯರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದ್ರೆ ನೀರು... ನೀರು ಸರಿಯಾಗೇ ಇತ್ತು.

ಫೋನ್ ಮಾಡಿದ್ದು ಸೇಯಿಲ್. ಅಷ್ಟೇ ಕತೆ. ದುಡುಕು. ಚಿಕ್ಕ ವಯಸ್ಸು. ನಾನು ಅವಳನ್ನ ಯಾವಾಗಲೋ ಕ್ಷಮಿಸಿಬಿಟ್ಟಿದ್ದೀನಿ.

ಈ ಬೂರ್ಸೋಕ್ ಹಿಟ್ಟಿನುಂಡೆ ನೀವೇ ಕರಿದಿದ್ದಾ? ಹದವಾಗಿದೆ. ಉಪ್ಪು ಒಂದು ಚಿಟಿಕೆ ಜಾಸ್ತಿ.

...ಯಾಕೆ ಹಾಗೆ ನೋಡ್ತಿದೀರಿ? ಸರಿಯಾಗಿದ್ದ ನೀರು ಹುಳಿ ಅಂತ ಹೇಗೆ ಕಾಣ್ತು ಅಂತಾನಾ? ಅದು ನಿಮಗೆ ಅರ್ಥ ಆಗೋದು ಕಷ್ಟ. ಇಲ್ಲ, ದಡ್ಡರು ಅಂತ ಅಂದಿಲ್ಲ ನಾನು, ಮುಖ ಗಂಟು ಹಾಕ್ಕೋಬೇಡಿ. ಹೇಳ್ತೀನಿ. ಸುಲಭವಾಗೇ ಹೇಳ್ತೀನಿ.

ನೋಡಿ, ಶುದ್ಧ ನೀರಿನಲ್ಲಿ ಕೂಡ ಒಂದಿಷ್ಟು ಹುಳಿ ಇರುತ್ತೆ, ಒಂದಿಷ್ಟು ಚೌಳು ಇರುತ್ತೆ. ತೀರಾ ಕಡಿಮೆ, ನಾಲಿಗೆಗೆ ಸಿಕ್ಕೋದಲ್ಲ. ನೀರು ತಾನೇ ಒಡೆದು ಎರಡೂ ಆಗಿರುತ್ತೆ. ಎರಡೂ ಸರಿಸಮ, ಅದಕ್ಕೇ ಅದು ಹುಳಿಯೂ ಅಲ್ಲ, ಚೌಳೂ ಅಲ್ಲ. ಇದನ್ನ ಅಳೆಯೋಕೆ ಪಿಎಚ್ ಅಂತ ಒಂದು ಅಂಕಿ. ಗಾಜಿನ ಕಡ್ಡಿ ಅದ್ದಿದರೆ ಯಂತ್ರ ತೋರಿಸುತ್ತೆ. ಏಳು ಅಂದ್ರೆ ಸಮ. ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಚೌಳು. ಶಾಲೆ ಮಕ್ಕಳಿಗೂ ಗೊತ್ತು. ಹುಳಿ ನೀರು ಬಾಯ್ಲರ್ ಒಳಗೆ ಹೋದ್ರೆ ಕಬ್ಬಿಣ ತಿಂದುಹಾಕುತ್ತೆ. ನಮ್ಮಲ್ಲಿ ನೀರು ಶುದ್ಧ ಮಾಡೋ ಫಿಲ್ಟರ್‌ಗಳನ್ನ ತೊಳೆಯೋದೇ ಆಮ್ಲದಲ್ಲಿ. ಆ ಆಮ್ಲ ಎಲ್ಲಾದರೂ ಸೋರಿ ನೀರಿಗೆ ಸೇರಿಬಿಟ್ಟರೆ ಅನ್ನೋದೇ ನಮ್ಮ ಭಯ. ಮೂವತ್ತು ವರ್ಷ ನಾನು ಆ ಭಯದ ಕಾವಲು ಕಾದಿದ್ದೀನಿ.

ಆ ಬೆಳಿಗ್ಗೆ ಅಂಕಿ ಆರು ಪಾಯಿಂಟ್ ಮೂರು.

ಕಮ್ಮಿ ಅಲ್ವಾ? ನಿಮಗೇ ಕಮ್ಮಿ ಅನ್ನಿಸ್ತು ನೋಡಿ. ಯಾರಿಗಾದರೂ ಅನ್ನಿಸುತ್ತೆ.

ಆದ್ರೆ ನೀರು ಬಿಸಿ ಇತ್ತು. ದಿನಾ ನಮ್ಮ ಕೈಗೆ ಬರೋ ನೀರು ತಣ್ಣಗಿರುತ್ತೆ. ಬಿಸಿ ನೀರಿನ ತೊಟ್ಟಿಯಿಂದ ಬರೋವಾಗ ಒಂದು ಸುರುಳಿ ಕೊಳವೆ ಅದನ್ನ ತಣ್ಣಗೆ ಮಾಡಿ ಕೊಡುತ್ತೆ. ಆ ದಿನ ಚಳಿಗೆ ಸುರುಳಿಯ ಸುತ್ತ ಹರಿಯೋ ನೀರೇ ಹೆಪ್ಪುಗಟ್ಟಿ ನಿಂತುಹೋಗಿತ್ತು. ಲೋಟಕ್ಕೆ ಬಿದ್ದ ನೀರು ಹಬೆಯಾಡ್ತಿತ್ತು. ಬಿಸಿ ಏರಿದಾಗ ನೀರು ಇನ್ನಷ್ಟು ಒಡೆಯುತ್ತೆ, ಬೀಗಿತ್ತಿ. ಹುಳಿ ಎಷ್ಟು ಹೆಚ್ಚುತ್ತೋ ಚೌಳೂ ಅಷ್ಟೇ ಹೆಚ್ಚುತ್ತೆ. ಒಂದಕ್ಕಿಂತ ಒಂದು ಮುಂದೆ ಹೋಗಲ್ಲ. ಆದ್ರೆ ಯಂತ್ರ ಎಣಿಸೋದು ಹುಳಿಯನ್ನ ಮಾತ್ರ, ಹಾಗಾಗಿ ಅಂಕಿ ಕೆಳಗಿಳಿಯುತ್ತೆ. ಅಂಕಿ ಇಳೀತು, ನೀರು ಕೆಡಲಿಲ್ಲ. ಅಷ್ಟು ಬಿಸಿಯಲ್ಲಿ ಸಮ ಅನ್ನೋದೇ ಆರು ಪಾಯಿಂಟ್ ಮೂರಕ್ಕೆ ಬಂದು ಕೂತಿರುತ್ತೆ. ಏಳು ಅನ್ನೋದು ತಣ್ಣಗಿರೋ ನೀರಿನ ಮಾತು.

ಹೌದು, ಯಂತ್ರದಲ್ಲಿ ಬಿಸಿಗೆ ಅಂತ ಒಂದು ತಿರುಪು ಇದೆ. ಅದನ್ನ ತಿರುಗಿಸಿಯೂ ಇತ್ತು. ಆದ್ರೆ ಆ ತಿರುಪು ಸರಿಮಾಡೋದು ಕಡ್ಡಿಯ ಕಣ್ಣನ್ನ ಮಾತ್ರ. ನೀರನ್ನ ಅದು ಸರಿಮಾಡಲ್ಲ. ಇಷ್ಟು ವರ್ಷ ನಾನು ತಿಳ್ಕೊಂಡಿದ್ದು...

ಅಂದ್ರೆ, ಎಲ್ಲರೂ ತಿಳ್ಕೊಂಡಿರೋದು ಅದು ಎಲ್ಲವನ್ನೂ ಸರಿಮಾಡುತ್ತೆ ಅಂತ.

ಚಹಾ ಸಾಕು. ಕೆನೆ ಬೇಡ, ಮಂಡಿಗೆ ಒಳ್ಳೇದಲ್ಲ ಅಂದಿದ್ದಾರೆ ಡಾಕ್ಟರು.

ಏನು? ಕಡ್ಡಿ ಅದ್ದಿದ್ದು ಯಾರು ಅಂತಾನಾ? ಅದು ಯಾರಾದರೇನು? ಲ್ಯಾಬೊರೇಟರೀಲಿ ಇಬ್ಬರೇ ಇದ್ದಿದ್ದು, ಯಾರೋ ಒಬ್ಬರು ಅದ್ದಿರ್ತಾರೆ. ಫೋನ್ ಹಿಡಿದು ನಿಲ್ಲಿಸಿ ಅಂದಿದ್ದು ಅವಳು ತಾನೇ? ಹಾಲ್‌ನಲ್ಲಿ ಇದ್ದವರು ಕೇಳಿದ್ದು ಅವಳ ದನಿಯನ್ನ ತಾನೇ?

ಸೂಜಿ ಯಾಕೆ ನಿಲ್ಲಿಸಿದಿರಿ? ನಾನೇನು ಸುಳ್ಳು ಹೇಳಿದೆನಾ?

...ನಾನು ಅದ್ದಿದೆ. ಸರಿ. ಯಂತ್ರದ ಮುಂದೆ ಕೂತಿದ್ದವಳು ನಾನು. ನನ್ನ ಕುರ್ಚಿ ಅದು, ಬೇರೆ ಯಾರೂ ಅಲ್ಲಿ ಕೂರಲ್ಲ. ಅದರಲ್ಲಿ ಮುಚ್ಚಿಡೋದೇನಿದೆ? ಅಂಕಿ ನೋಡಿದ ಕೂಡಲೇ ಆಮ್ಲ ಸೋರಿದೆ ಅಂದ್ಕೊಂಡೆ. ನನ್ನ ಕಾಲದಲ್ಲಿ, ನನ್ನ ಕಾವಲಿನಲ್ಲಿ. ನಿವೃತ್ತಿಗೆ ಇನ್ನೇನು ದಿನ ಎಣಿಸ್ತಾ ಇದ್ದೀನಿ, ಗೋಡೆ ಮೇಲೆ ನನ್ನ ಫೋಟೋ ಹಾಕಬೇಕು ಅಂತ ಅಳತೆಯನ್ನೂ ತಗೊಂಡಿದ್ದಾರೆ, ಈಗ ಬಾಯ್ಲರ್ ಕೊಳವೆ ಒಡೆದ್ರೆ? ಫೋನ್ ಮಾಡು ಅಂದೆ ಅವಳಿಗೆ. ನನ್ನ ಕೈ ನಡುಗ್ತಿತ್ತು, ಫೋನ್ ಹಿಡಿಯೋ ಹಾಗಿರಲಿಲ್ಲ. ಅವಳು ನೋಡಬಾರದು ಅಂತ ಕೈಯನ್ನ ಮೇಲಂಗಿಯ ಜೇಬಿಗೆ ಹಾಕ್ಕೊಂಡಿದ್ದೆ. ಅದಕ್ಕೇ ಅವಳ ಕೈಲಿ ಮಾಡಿಸಿದ್ದು. ಬೇರೆ ಯಾವ ಲೆಕ್ಕಾಚಾರವೂ ಅದರಲ್ಲಿ ಇರಲಿಲ್ಲ, ಆಣೆ ಮಾಡ್ತೀನಿ.

ಅವಳು ಸುಮ್ಮನೆ ಮಾಡಿಬಿಟ್ಟಳಾ ಅಂತಾನಾ?

ಮಾಡಿದಳು. ಹೇಳಿದ ಕೂಡಲೇ ಮಾಡಿದಳು. ಒಳ್ಳೆ ಹುಡುಗಿ ಅಂತ ನಾನು ಯಾವತ್ತೂ ಇಲ್ಲ ಅಂದಿಲ್ಲ. ಮದುವೆಯಾಗಿ ಬಂದಾಗಿಂದ ಒಂದು ಎದುರು ಮಾತಿಲ್ಲ. ನಾನು ಎದ್ದೇಳೋ ಹೊತ್ತಿಗೆ ಒಲೆ ಉರೀತಿರುತ್ತೆ. ನನ್ನ ಮಗ ಎರ್ಮೆಕ್ ಅವನ ಅಂಗಿಯನ್ನ ಅವನೇ ಇಸ್ತ್ರಿ ಮಾಡ್ಕೊಳ್ಳೋಕೆ ಹೋದರೆ ಕಿತ್ಕೊಂಡು ತಾನು ಮಾಡ್ತಾಳೆ. ಈಗ ಅವನು ಮುದುರಿದ ಅಂಗೀಲೇ ಕೆಲಸಕ್ಕೆ ಹೋಗ್ತಿದಾನೆ, ನನ್ನ ಜೊತೆ ಮಾತಾಡಲ್ಲ. ತಿಂತಾನೆ, ತಟ್ಟೆ ತೊಳೀತಾನೆ, ಹೋಗ್ತಾನೆ. ಅವನ ತಟ್ಟೆ ಅವನು ತೊಳೆಯೋದನ್ನ ನೋಡೋದೇ ಒಂದು ಶಿಕ್ಷೆ ನನಗೆ.

...ಇಲ್ಲ, ಒಂದು ಮಾತು ಅಂದಳು. ಫೋನ್ ಕೈಗೆ ತಗೊಂಡಮೇಲೆ. ನೀವು ಹಾಗೆ ನೋಡ್ತಿದ್ದರೆ ನಾನು ಹೇಗೆ ಹೇಳಲಿ? ಹೊಲೀರಿ.

"ಅಪಾ, ನೀರು ಬಿಸಿ ಇದೆ. ಆರಿಸಿ ಇನ್ನೊಂದು ಸಲ ನೋಡೋಣವಾ?" ಅಂದಳು.

ಅಷ್ಟೇ. ತಾಯಿಯನ್ನ ಕರೆಯೋ ಹಾಗೆ ಅಪಾ ಅಂತ ಕರೆದು, ಮೆಲ್ಲಗೆ. ತಲೆ ಕೂಡ ಎತ್ತಲಿಲ್ಲ. ಇಬ್ಬರೇ ಇದ್ದದ್ದು, ನನಗೆ ಅವಮಾನ ಆಗೋಕೆ ಅಲ್ಲಿ ಯಾರೂ ಇರಲಿಲ್ಲ. ಆದ್ರೂ ನನಗೆ ಮೈಯೆಲ್ಲ ಉರೀತು. ನೀನು ಹುಟ್ಟೋಕೆ ಮುಂಚೆ ಈ ಕಡ್ಡಿ ಹಿಡಿದವಳು ನಾನು, ಏಳು ಅಂದ್ರೆ ಏಳು, ನಿನಗೆ ಕೆಲಸ ಕಲಿಸಿದವಳಿಗೆ ಕೆಲಸ ಹೇಳಿಕೊಡ್ತೀಯಾ ಅಂದೆ. ಮನೇಲಿ ಚಹಾ ಹಾಕೋವಾಗ ಹೇಗೆ ಬಾಯಿ ಮುಚ್ಕೊಂಡಿರ್ತೀಯೋ ಇಲ್ಲೂ ಹಾಗೇ ಇರು ಅಂದೆ. ಅವಳು ಫೋನ್ ಮಾಡಿದಳು.

ಓದಿದ್ದೆ ನಾನೂ. ಕಾಲೇಜಿನಲ್ಲಿ ಓದಿದ್ದೆ, ಬಿಸಿ ನೀರಿನ ಮಾತು. ಮೂವತ್ತು ವರ್ಷ ತಣ್ಣಗಿನ ನೀರನ್ನೇ ಅಳೆದು ಅಳೆದು ಮರೆತುಹೋಗಿತ್ತು. ಮರೆಯೋದು ಪಾಪವಾ?

ಸಭೆಯ ವಿಷಯ ಕೇಳ್ತೀರಿ ಅಂತ ಗೊತ್ತಿತ್ತು.

ಉದ್ದನೆಯ ಮೇಜು. ಎಲ್ಲ ವಿಭಾಗದವರೂ ಇದ್ದರು. ಟೊಲೋನ್ ರಾಜಧಾನಿಯಲ್ಲಿ ಹುಟ್ಟಿ ಬೆಳೆದವರು, ಹಳ್ಳಿಯ ಕಡೆಯ ರೀತಿ ರಿವಾಜು ಅವರಿಗೆ ಅಷ್ಟಾಗಿ ಗೊತ್ತಿಲ್ಲ. ಫೋನ್ ಮಾಡಿದ್ದು ಯಾರು ಅಂತ ಕೇಳಿದರು. ನಾನು ಅಂದಳು. ಯಾರು ಹೇಳಿದ್ದಕ್ಕೆ ಮಾಡಿದೆ ಅಂದರು. ತಲೆ ತಗ್ಗಿಸಿದಳು. "ಹೆಸರು ಹೇಳಮ್ಮ," ಅಂದರು. ಅವಳು ಬಾಯಿ ತೆರೀಲಿಲ್ಲ. "ಹೆಸರು ಹೇಳಮ್ಮ, ಯಾರು ಹೇಳಿದರು?" ಮತ್ತೆ ಮತ್ತೆ ಕೇಳಿದರು.

ಹೇಗೆ ಹೇಳ್ತಾಳೆ? ಅತ್ತೆಯ ಹೆಸರನ್ನ ಸೊಸೆ ಬಾಯಲ್ಲಿ ಆಡ್ತಾಳಾ? ಇವತ್ತಿನ ಹುಡುಗಿಯರು ಆಡ್ತಾರೆ, ಪಟ್ಟಣದವರೆಲ್ಲ ಆಡ್ತಾರೆ. ಅವಳೂ ಆಡೋಳೇನೋ. ಮದುವೆಯಾದ ವಾರದಲ್ಲೇ ನಾನು ಕೂರಿಸಿಕೊಂಡು ಹೇಳಿದ್ದೆ, ಬುರ್ಮಾಕಾನ್ ಅನ್ನೋ ಹೆಸರು ಮನೇಲಾಗಲಿ ಕೆಲಸದಲ್ಲಾಗಲಿ ನಿನ್ನ ಬಾಯಿಂದ ಬರಬಾರದು ಅಂತ. ಲ್ಯಾಬೊರೇಟರೀಲಿ ಎಲ್ಲರೂ ನನ್ನನ್ನ ಬುರ್ಮಾಕಾನ್ ಎಸೆನೋವ್ನಾ ಅಂತಾರೆ. ಇವಳೊಬ್ಬಳು "ನಮ್ಮ ಹಿರಿಯರು" ಅಂತಾಳೆ. ಬೇರೆ ಹೆಂಗಸರು ಮುಸಿಮುಸಿ ನಗೋರು. ನನಗೆ ಎಷ್ಟು ಹೆಮ್ಮೆ ಗೊತ್ತಾ? ನೋಡ್ಕೊಳ್ಳಿ, ನನ್ನ ಸೊಸೆಯನ್ನ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ.

ಮೇಜಿನ ಸುತ್ತ ಇದ್ದ ನಮ್ಮ ಕಡೆಯವರಿಗೆ ಅರ್ಥ ಆಗಿತ್ತು ಅಂತ ಕಾಣುತ್ತೆ. ಒಬ್ಬರು ಕಿಟಕಿ ಕಡೆ ನೋಡಿದರು. ಒಬ್ಬರು ಕನ್ನಡಕ ಒರೆಸಿದರು.

ಆಮೇಲೆ ಟೊಲೋನ್ ನನ್ನ ಕಡೆ ತಿರುಗಿದರು.

"ಚಿಕ್ಕವಳು, ಗಾಬರಿಯಾದಳು," ಅಂದೆ.

ಅದು ಸುಳ್ಳಲ್ಲ. ನೀವೇ ಹೇಳಿ, ಚಿಕ್ಕವಳಲ್ವಾ? ನಾನು ಹಾಗೆ ಕೂಗಾಡಿದಾಗ ಗಾಬರಿ ಆಗಿರಲಿಲ್ವಾ? ಒಂದೊಂದು ಅಕ್ಷರವೂ ನಿಜ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ಅಂಕಿ ಬರೆದವಳಲ್ಲ ನಾನು. ಲ್ಯಾಬೊರೇಟರಿಯ ಹುಡುಗಿ ಒಬ್ಬಳು ಒಂದು ಅಂಕಿ ತಿದ್ದಿದ್ದಕ್ಕೆ ಬಾಗಿಲ ಹೊರಗೆ ನಿಲ್ಲಿಸಿದ್ದೆ. ಅಳ್ತಾ ನಿಂತಿದ್ದಳು, ಕರಗಲಿಲ್ಲ ನಾನು.

ಸೇಯಿಲ್ ಆಗ ತಲೆ ಎತ್ತಿ ನನ್ನನ್ನ ಒಂದು ಸಲ ನೋಡಿದಳು. ಕೋಪದಲ್ಲಿ ಅಲ್ಲ. ಕೋಪದಲ್ಲಿ ನೋಡಿದ್ದರೆ ನಾನು ಈಗ ಇಲ್ಲಿಗೆ ಬರ್ತಿರಲಿಲ್ಲ. ಜಾರಿ ಬಿದ್ದವರು ಏಳಲಿ ಅಂತ ನಾವು ಬೇರೆ ಕಡೆ ನೋಡ್ತೀವಲ್ಲ, ಅವರಿಗೆ ನಾಚಿಕೆ ಆಗಬಾರದು ಅಂತ... ಹಾಗೆ ನೋಡಿ, ಮುಖ ಆ ಕಡೆ ತಿರುಗಿಸಿದಳು.

ನನಗೆ ಆಗ ಗೊತ್ತಿರಲಿಲ್ಲ, ಬೀಗಿತ್ತಿ. ಅಂಕಿ ತಪ್ಪು ಓದಿದ್ದು ನಾನೇ ಅಂತ ಆ ಹೊತ್ತಿಗೆ ನನಗೆ ಖಾತ್ರಿ ಇರಲಿಲ್ಲ. ಸಭೆ ಆದಮೇಲೆ ಗೊತ್ತಾಗಿದ್ದು. ಇದೊಂದನ್ನ ನೀವು ನಂಬಬೇಕು. ಗೊತ್ತಿದ್ದೂ ಗೊತ್ತಿದ್ದೂ ಯಾರಾದರೂ...

ಏನಾದರೂ ಅನ್ನಿ.

ಬೈಯಿರಿ ಬೇಕಾದ್ರೆ. ನನ್ನ ಮಗಳಿಗೆ ಹೀಗೆ ಆಗಿದ್ದರೆ ನಾನು ಕೇಳಬಾರದ್ದೆಲ್ಲ ಕೇಳಿಬಿಡ್ತಿದ್ದೆ. ನೀವು ಹೀಗೆ ದಾರ ಬೆರಳಿಗೆ ಸುತ್ಕೊಂಡು ಕೂತಿದ್ದರೆ...

ಮುಂಚೆಯೇ ಗೊತ್ತಿತ್ತು.

ಆ ಭಾನುವಾರ ಸಂಜೆಯೇ. ಅವಳನ್ನ ಮನೆಗೆ ಕಳಿಸಿ ನಾನು ಹಿಂದೆ ಉಳಿದೆ. ಅವಳು ಅಂದ ಮಾತು ಕಿವೀಲಿ ಕೊರೀತಿತ್ತು. ಬೆಳಗಿನ ನೀರು ಇನ್ನೊಂದು ಸೀಸೇಲಿ ಇತ್ತು, ಗಾಳಿ ಸೋಕಿದರೆ ಶುದ್ಧ ನೀರು ನಿಜವಾಗೇ ಹುಳಿಗೆ ತಿರುಗುತ್ತೆ ಅಂತ ನಾನೇ ಬಿರಡೆ ಹಾಕಿಟ್ಟಿದ್ದೆ. ಅಂಥದ್ದರಲ್ಲೆಲ್ಲ ನಾನು ಬಲು ಜಾಗ್ರತೆ ನೋಡಿ. ಅದನ್ನ ಮತ್ತೆ ಕಾಯಿಸಿ, ಬಿರಡೆಯ ತೂತಿನಲ್ಲಿ ಕಡ್ಡಿ ಇಳಿಸಿ, ಕಿಟಕಿ ಹೊರಗಿನ ಹಿಮದಲ್ಲಿ ಸೀಸೆ ಹೂತಿಟ್ಟು ಕೂತೆ. ಆರು ಪಾಯಿಂಟ್ ಮೂರು ತೋರಿಸ್ತು. ತಣ್ಣಗಾಗ್ತಾ ಆಗ್ತಾ ಮುಳ್ಳು ಮೇಲೆ ಹೊರಡ್ತು. ಮಂಡಿನೋವಿನ ಮುದುಕಿ ಮೆಟ್ಟಿಲು ಹತ್ತೋ ಹಾಗೆ, ಒಂದು ಚೂರು, ಒಂದು ಚೂರು. ಅಲ್ಲೇ ನಿಲ್ಲು ಅಂತ ಬೇಡ್ಕೊಂಡೆ ನಾನು. ನಿಲ್ಲಲಿಲ್ಲ. ದಿನಾ ನಾವು ಅಳೆಯೋ ನೀರಿನಷ್ಟು ತಣ್ಣಗಾದಾಗ ಏಳಕ್ಕೆ ಹೋಗಿ ಕೂತ್ಕೊಂಡ್ತು.

ಬಾಯ್ಲರ್ ಮತ್ತೆ ಹಚ್ಚಿ ಅಂತ ನಾನೇ ಫೋನ್ ಮಾಡಿದೆ. ಕೊಳವೆ ಸಂಪರ್ಕ ಎಲ್ಲ ಸರಿಮಾಡಿ ಹಚ್ಚೋ ಹೊತ್ತಿಗೆ ಬೆಳಗಾಗಿತ್ತು. ಯಾಕೆ ಹಚ್ಚಬೇಕು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆನೇನೋ. ಆಮೇಲೆ ಸೀಸೆ ತೊಳೆದು, ಒರೆಸಿ, ಕಪಾಟಿಗೆ ಇಟ್ಟೆ. ಮನೆಗೆ ಬಂದರೆ ಅವಳು ನನ್ನ ಊಟ ಒಲೆ ಮೇಲೆ ಬೆಚ್ಚಗಿಟ್ಟು ಕಾಯ್ತಿದ್ದಳು. ತಿಂದೆ. ಏನೂ ಹೇಳಲಿಲ್ಲ. ಸಭೆಗೆ ಹೋಗಿ ಕೂತೆ.

ಇದನ್ನೆಲ್ಲ ಅವಳೇ ನಿಮಗೆ ಹೇಳಿರ್ತಾಳೆ. ಸೀಸೆಯ ವಿಷಯ ಅವಳಿಗೆ ಗೊತ್ತಿಲ್ಲ, ಉಳಿದದ್ದೆಲ್ಲ ಗೊತ್ತು. ಅದಕ್ಕೇ ನಾನು ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದೆ. ಅವಳು ಏನಂದಿದಾಳೋ, ಹೇಗಂದಿದಾಳೋ, ಅಳ್ತಾ ಅಂದಳೋ... ಏನಂದಳು, ಬೀಗಿತ್ತಿ? ಹೇಳಿಬಿಡಿ. ನನ್ನನ್ನ ಏನಂತ ಕರೆದಳು?

ಯಾಕೆ ತಲೆ ಅಲ್ಲಾಡಿಸ್ತೀರಿ?

ಏನೂ ಅಂದಿಲ್ಲ ಅಂದ್ರೆ? ಬಂದು ಇಷ್ಟು ದಿನ ಆಯ್ತು. ಯಾಕೆ ಬಂದೆ ಅಂತ ನೀವು ಕೇಳಿರ್ತೀರಿ. ಎರ್ಮೆಕ್‌ನ ಬಿಟ್ಟು ಒಬ್ಬಳೇ ಯಾಕೆ ಬಂದೆ ಅಂತ ಕೇಳಿರ್ತೀರಿ.

...ದಣಿದಿದೀಯ, ನಾಲ್ಕು ದಿನ ತಾಯಿ ಮನೇಲಿ ಇದ್ದು ಬಾ ಅಂತ ಕಳಿಸಿದರು? ನಾನು?

ನಾನು ಕಳಿಸಿದೆ ಅಂದಳಾ?

ಹಾಗಾದ್ರೆ ಕೆಲಸದ್ದೂ ಗೊತ್ತಿರಲಿಲ್ಲ ನಿಮಗೆ. ಸಭೆಯದ್ದು? ಫೋನಿನದ್ದು? ನಾನು ಬಾಗಿಲಲ್ಲಿ ಬೂಟು ಬಿಚ್ಚೋವಾಗ ನೀವು ಅಷ್ಟು ಸಂತೋಷವಾಗಿ ಎರಡೂ ಕೈ ಹಿಡ್ಕೊಂಡಿರಿ. ನಾನು ಅದನ್ನ ಸೋಗು ಅಂದ್ಕೊಂಡೆ. ಎಷ್ಟು ಚೆನ್ನಾಗಿ ನಟಿಸ್ತಾಳೆ ಈ ಹೆಂಗಸು, ನನಗಿಂತ ಗಟ್ಟಿಗಿತ್ತಿ ಅಂದ್ಕೊಂಡೆ. ಇಷ್ಟು ಹೊತ್ತೂ ನೀವು ಸುಮ್ಮನಿದ್ದದ್ದು...

ನೀವು ಸುಮ್ಮನೆ ಕೇಳ್ತಿದ್ದಿರಿ, ಅಷ್ಟೇ. ಎಲ್ಲ ಹೇಳಿದವಳು ನಾನು.

ಸೋಮವಾರದ್ದು... ಇಲ್ಲ, ಆ ಮಾತು ಬೇಡ. ಅವಳು ಬರಬೇಕಾಗಿಲ್ಲ. ಅವಳು ಏನೂ ಅನ್ನಬೇಕಾಗಿಲ್ಲ. ಬುರ್ಮಾಕಾನ್ ಅನ್ನೋ ಹೆಸರನ್ನ ಅಲ್ಲಿ ಹೇಳಬೇಕಾದವಳು ನಾನು, ನನಗೆ ಯಾವ ಸೊಸೆಯ ಕಟ್ಟೂ ಇಲ್ಲ. ನಿಮ್ಮ ಹತ್ತಿರ ಹೇಳೋದು ಸುಲಭ, ಆ ಮೇಜಿನ ಮುಂದೆ ನನ್ನ ನಾಲಿಗೆ ಏಳುತ್ತೋ ಇಲ್ಲವೋ ಗೊತ್ತಿಲ್ಲ. ನನ್ನನ್ನ ನಂಬಿ ಅಂತ ಮಾತ್ರ ಕೇಳಲ್ಲ.

ಏನದು, ಯಾಕೆ ಎತ್ತಿ ತೋರಿಸ್ತಿದೀರಿ? ಆ ಶಾಲಾ? ಚೆನ್ನಾಗಿದೆ. ಬಿಳೀದು, ಮೇಕೆ ಉಣ್ಣೆ, ಮುಟ್ಟಿದರೆ ಗೊತ್ತಾಗುತ್ತೆ. ನಿಮ್ಮೂರಲ್ಲಿ ಸಿಗೋದಲ್ಲ ಇದು, ನಮ್ಮ ಪೇಟೇದು.

...ಸೊಸೆ ತವರಿಗೆ ಬರೋವಾಗ ಅತ್ತೆ ಬರಿಗೈಲಿ ಕಳಿಸಲ್ಲ. ಹೌದು. ಅದು ಪದ್ಧತಿ.

ನಾನು ಏನೂ ಕಳಿಸಲಿಲ್ಲ, ಬೀಗಿತ್ತಿ. ಅವಳು ಹೊರಟಾಗ ನಾನು ಕೋಣೆಯ ಬಾಗಿಲು ಹಾಕ್ಕೊಂಡು ಒಳಗಿದ್ದೆ. ಹೋಗಿ ಬರ್ತೀನಿ ಅಪಾ ಅಂತ ಬಾಗಿಲಾಚೆ ನಿಂತು ಹೇಳಿದಳು. ನಿದ್ದೆ ಬಂದವರ ಹಾಗೆ ಬಿದ್ಕೊಂಡಿದ್ದೆ.

ಅದನ್ನ ನಾನು ಕೊಟ್ಟೆ ಅಂದಳಾ? ನಾನೇ ಅಂಗಡಿಗೆ ಹೋಗಿ, ಆರಿಸಿ...

ಹೊರಗೆ ಹಾಲಿನ ತಂಬಿಗೆ ಸದ್ದಾಯ್ತು. ಬಂದಳು. ಬೂಟಿನ ಹಿಮ ಕೊಡವ್ತಿದಾಳೆ.

ನಾನು ಯಾವ ಕಡೆ ಮುಖ ಮಾಡ್ಕೊಂಡು ಕೂತ್ಕೊಳ್ಳಲಿ, ಬೀಗಿತ್ತಿ?